ಎರಕದ ತೂತಿಗೆ ಮೇಣದ ತೇಪೆ



ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಕಣ್ಣಿನಿಂದ ನೋಡಿ ಸುಮ್ಮನಾಗುವುದಿಲ್ಲ. ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡುತ್ತಾರೆ. 'ಟಣ್' ಎಂದು ದನಿ ಬಂದರೆ ಮಡಕೆ ಗಟ್ಟಿ. ದನಿ ಒಡಕಾಗಿದ್ದರೆ ಎಲ್ಲೋ ಕೂದಲೆಳೆಯಷ್ಟು ಬಿರುಕಿದೆ ಎಂದು ಅರ್ಥ. ಕಣ್ಣಿಗೆ ಕಾಣದ ದೋಷವನ್ನು ಕಿವಿಯಿಂದ ಹಿಡಿಯುವ ಈ ಉಪಾಯ ಬಹಳ ಹಳೆಯದು. ಮಡಕೆಯಲ್ಲಿ ಮೋಸ ಹೋದರೆ ನಷ್ಟ ಒಂದು ಮಡಕೆಯದು ಮಾತ್ರ. ಆದರೆ ಲಾರಿಯ ಬ್ರೇಕ್ ಡ್ರಮ್ಮು, ನೀರೆತ್ತುವ ಪಂಪಿನ ಕವಚ, ಒಂದು ಕಾಲದಲ್ಲಿ ರೈಲು ಸೇತುವೆಗಳನ್ನು ಹೊತ್ತು ನಿಂತಿದ್ದ ಕಂಬಗಳು, ಇವೆಲ್ಲ ಲೋಹವನ್ನು ಕರಗಿಸಿ ಎರಕ ಹೊಯ್ದು ಮಾಡಿದ ವಸ್ತುಗಳು. ಇಲ್ಲಿ ಕಣ್ಣು ತಪ್ಪಿದರೆ ತೆರಬೇಕಾದ ಬೆಲೆಯೇ ಬೇರೆ.

ಎರಕದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕುಲುಮೆಯ ಬೆಂಕಿಯನ್ನೂ ಕೆಂಪಗೆ ಹರಿಯುವ ಲೋಹವನ್ನೂ ವರ್ಣಿಸಿ ಮುಗಿಸುತ್ತಾರೆ. ಲೋಹ ತಣಿದ ಮೇಲೆ ಅದರ ಮೈಯನ್ನು ಉಜ್ಜಿ, ಕೆತ್ತಿ, ಪರೀಕ್ಷಿಸುವ ಕೆಲಸಕ್ಕೆ ಅಲ್ಲಿ ಜಾಗ ಸಿಗುವುದು ಕಡಿಮೆ. ಒಂದು ಎರಕ ನಂಬಿಕೆಗೆ ಅರ್ಹವೇ ಅಲ್ಲವೇ ಎಂಬುದು ತೀರ್ಮಾನವಾಗುವುದು ಮಾತ್ರ ಈ ಕೊನೆಯ ಹಂತದಲ್ಲೇ.

ಅಚ್ಚಿನಿಂದ ಹೊರಬಂದ ಮೇಲೆ

ಎರಕದ ತತ್ವ ಸರಳ. ಮರಳಿನಲ್ಲಿ ಬೇಕಾದ ಆಕಾರದ ಅಚ್ಚು ಮಾಡಿ, ಕರಗಿದ ಲೋಹ ಸುರಿದು, ತಣಿದ ಮೇಲೆ ಮರಳನ್ನು ಒಡೆದು ವಸ್ತುವನ್ನು ತೆಗೆಯುವುದು. ಒಳಗೆ ಟೊಳ್ಳು ಬೇಕಾದರೆ ಅಚ್ಚಿನ ನಡುವೆ ಮರಳಿನದೇ ಒಂದು ತಿರುಳನ್ನು ಇಡುತ್ತಾರೆ. ಇದಕ್ಕೆ ಕೋರ್ ಎಂದು ಹೆಸರು. ಹೇಳುವುದು ಸುಲಭ. ಆದರೆ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದ ಕಬ್ಬಿಣದ ದ್ರವ ಮರಳನ್ನು ಮುಟ್ಟಿದ ಗಳಿಗೆಯಲ್ಲಿ ಏನೇನು ಆಗುತ್ತದೆ ಎಂಬುದನ್ನು ಗಮನಿಸಬೇಕು.

ಮರಳಿನಲ್ಲಿ ತೇವ ಹೆಚ್ಚಾಗಿದ್ದರೆ ಅದು ಹಬೆಯಾಗುತ್ತದೆ. ಹೊರಹೋಗಲು ದಾರಿ ಸಿಗದ ಹಬೆ ಲೋಹದೊಳಗೇ ಗುಳ್ಳೆಯಾಗಿ ಉಳಿದು ತೂತಾಗುತ್ತದೆ. ಲೋಹದ ಮೇಲೆ ತೇಲುವ ಕಿಟ್ಟ ಒಳಗೆ ಸೇರಿಕೊಂಡರೆ ಅದು ಎರಕದ ಮೈಯಲ್ಲಿ ಹುಣ್ಣಿನಂತೆ ಕೂರುತ್ತದೆ. ತಣಿಯುವಾಗ ಲೋಹ ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆ ಹೊಸ ಲೋಹ ಹರಿದು ಬರದಿದ್ದರೆ ಅಲ್ಲಿ ಟೊಳ್ಳು ಉಳಿಯುತ್ತದೆ. ಎರಡು ಕಡೆಯಿಂದ ಹರಿದು ಬಂದ ಲೋಹ ಅರೆ ತಣಿದು ಸಂಧಿಸಿದರೆ ಬೆಸೆಯುವುದಿಲ್ಲ. ಒಂದನ್ನೊಂದು ತಾಗಿ ನಿಲ್ಲುತ್ತವೆ, ಅಷ್ಟೆ. ಇನ್ನು ಕೋರ್ ಸ್ವಲ್ಪ ಸರಿದರೂ ಸಾಕು, ಕೊಳವೆಯ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು.

ಆದ್ದರಿಂದ ಅಚ್ಚಿನಿಂದ ಹೊರಬಂದ ಎರಕ ಸಿದ್ಧವಸ್ತುವಲ್ಲ. ಅದಕ್ಕೆ ಲೋಹ ಸುರಿದ ಕಾಲುವೆಯ ಬಾಲ ಅಂಟಿಕೊಂಡಿರುತ್ತದೆ. ಅಚ್ಚಿನ ಎರಡು ಹೋಳುಗಳು ಕೂಡಿದ ಗೆರೆಯುದ್ದಕ್ಕೂ ತೆಳ್ಳನೆಯ ರೆಕ್ಕೆಯಂಥ ಅಂಚು ಎದ್ದಿರುತ್ತದೆ. ಮೈತುಂಬ ಸುಟ್ಟ ಮರಳು ಮೆತ್ತಿರುತ್ತದೆ. ಇವನ್ನೆಲ್ಲ ಉಳಿ, ಅರ, ಸಾಣೆಚಕ್ರಗಳಿಂದ ತೆಗೆದು ಮೈಯನ್ನು ಹದಗೊಳಿಸುವ ಕೆಲಸಕ್ಕೆ ಫೌಂಡ್ರಿಗಳಲ್ಲಿ 'ಫೆಟ್ಲಿಂಗ್' ಎನ್ನುತ್ತಾರೆ. ಈ ಕೆಲಸ ಮಾಡುವವನೇ ಎರಕದ ಮೊದಲ ಪರೀಕ್ಷಕ. ಮರಳು ಉದುರಿದಾಗ ತೂತು ಮೊದಲು ಕಾಣುವುದು ಅವನಿಗೆ. ಕಂಡದ್ದನ್ನು ಅವನು ಏನು ಮಾಡುತ್ತಾನೆ, ಅಥವಾ ಅವನಿಂದ ಏನು ಮಾಡಿಸುತ್ತಾರೆ ಎಂಬುದೇ ಮುಖ್ಯ ಪ್ರಶ್ನೆ.

ಬೀದರಿನ ಪಾಠ

ಮೈ ಹದಗೊಳಿಸುವುದನ್ನೇ ಕಲೆಯಾಗಿಸಿದ ಉದಾಹರಣೆ ಕರ್ನಾಟಕದಲ್ಲೇ ಇದೆ. 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಬಿದ್ರಿ ಕಲೆಯ ಹೂಜಿ, ಹುಕ್ಕಾ, ತಟ್ಟೆಗಳೆಲ್ಲ ಮೂಲತಃ ಎರಕದ ವಸ್ತುಗಳು. ಹೆಚ್ಚಿನ ಪಾಲು ಸತು, ಅಲ್ಪ ಪಾಲು ತಾಮ್ರ ಸೇರಿದ ಮಿಶ್ರಲೋಹವನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅಚ್ಚಿನಿಂದ ಬಂದ ಒರಟು ಮೈಯನ್ನು ಅರದಿಂದ ಉಜ್ಜಿ ನಯ ಮಾಡುತ್ತಾರೆ. ಆಮೇಲೆ ಮೈಲುತುತ್ತದ ದ್ರಾವಣ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಇದು ಅಲಂಕಾರಕ್ಕಲ್ಲ. ಕಪ್ಪು ಮೈಯ ಮೇಲೆ ಉಳಿಯ ಗೆರೆ ಬೆಳ್ಳಗೆ ಎದ್ದು ಕಾಣಲಿ ಎಂದು.

ಆ ಗೆರೆಗಳಲ್ಲಿ ಬೆಳ್ಳಿಯ ತಂತಿ, ತಗಡು ಕೂರಿಸಿ ಮತ್ತೆ ಉಜ್ಜಿದಾಗ ಮೊದಲ ಕಪ್ಪು ಹೊರಟುಹೋಗಿ ಬೆಳ್ಳಿ, ಸತು ಎರಡೂ ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿ ಕಾಣುತ್ತವೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಕಾಯಿಸಿದ ಎರಕಕ್ಕೆ ಹಚ್ಚಿದಾಗ ಸತುವಿನ ಮೈ ಶಾಶ್ವತವಾಗಿ ಕಡುಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಈ ಇಡೀ ಪ್ರಕ್ರಿಯೆಯಲ್ಲಿ ಎರಕದ ಮೈ ಹಲವು ಸಲ ಕೈಗೆ, ಕಣ್ಣಿಗೆ, ಉಳಿಗೆ ಸಿಗುತ್ತದೆ. ಗೆರೆ ಕೊರೆಯುವ ದಾರಿಯಲ್ಲಿ ಗುಳಿ ಎದುರಾದರೆ ಅದು ಕಸುಬುದಾರನ ಕೈಗೆ ತಿಳಿಯದೆ ಇರುವುದಿಲ್ಲ. ಇಲ್ಲಿ ಮೈ ಹದಗೊಳಿಸುವುದೂ ಪರೀಕ್ಷಿಸುವುದೂ ಒಂದೇ ಕೆಲಸದ ಎರಡು ಮುಖಗಳು.

ಆದರೆ ಹದಗೊಳಿಸುವ ಕೈಯೇ ಮುಚ್ಚಿಡುವ ಕೈಯೂ ಆಗಬಹುದು. ಇದಕ್ಕೆ ಸ್ಕಾಟ್ಲೆಂಡಿನ ಒಂದು ಸೇತುವೆಯ ಕಥೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಟೇ ನದಿಯ ಸೇತುವೆ

ಡಂಡಿ ನಗರದ ಬಳಿ ಟೇ ನದಿ ಸಮುದ್ರ ಸೇರುವ ಮುನ್ನ ಬಹಳ ಅಗಲವಾಗಿ ಹರಡಿಕೊಳ್ಳುತ್ತದೆ. ಅದರ ಮೇಲೆ ಇಂಜಿನಿಯರ್ ಥಾಮಸ್ ಬೌಚ್ ವಿನ್ಯಾಸ ಮಾಡಿದ ರೈಲು ಸೇತುವೆ 1878ರ ಜೂನ್ 1ರಂದು ಪ್ರಯಾಣಿಕರಿಗೆ ತೆರೆಯಿತು. ಉದ್ದ ಹೆಚ್ಚುಕಡಿಮೆ ಎರಡು ಮೈಲಿ, ಒಟ್ಟು 85 ಅಂಕಣಗಳು. ಆಗ ಜಗತ್ತಿನಲ್ಲೇ ಅತಿ ಉದ್ದದ ಸೇತುವೆ ಎಂದು ಅದರ ಖ್ಯಾತಿ. ಮರುವರ್ಷ ರಾಣಿ ವಿಕ್ಟೋರಿಯಾ ಅದರ ಮೇಲೆ ಪ್ರಯಾಣ ಮಾಡಿದರು. ಬೌಚ್‌ಗೆ 'ಸರ್' ಪದವಿ ದೊರೆಯಿತು.

ಹಡಗುಗಳು ಕೆಳಗೆ ಹಾದುಹೋಗಲೆಂದು ನಡುವಿನ 13 ಅಂಕಣಗಳನ್ನು ಎತ್ತರಿಸಲಾಗಿತ್ತು. ಇವುಗಳ ಕಂಬಗಳು ಬೀಡು ಕಬ್ಬಿಣದ ಟೊಳ್ಳು ಕೊಳವೆಗಳು. ಒಂದೊಂದು ಆಧಾರದಲ್ಲೂ ಆರಾರು ಕಂಬಗಳು. ಕಂಬಗಳನ್ನು ಒಂದಕ್ಕೊಂದು ಬಿಗಿಯಲು ಮೆದು ಕಬ್ಬಿಣದ ಅಡ್ಡಪಟ್ಟಿಗಳಿದ್ದವು. ಪಟ್ಟಿಗಳನ್ನು ಬೋಲ್ಟು ಹಾಕಿ ಸಿಕ್ಕಿಸಲು ಕಂಬದ ಮೈಯಿಂದ ಕಿವಿಯಂತೆ ಚಾಚಿದ ತುಂಡುಗಳು ಕಂಬದ ಜೊತೆಯಲ್ಲೇ ಎರಕವಾಗಿದ್ದವು. ಗಾಳಿ ಬೀಸಿದಾಗ ಸೇತುವೆ ವಾಲದಂತೆ ಹಿಡಿಯುವ ಹೊಣೆ ಈ ಕಿವಿಗಳ ಮೇಲಿತ್ತು.

1879ರ ಡಿಸೆಂಬರ್ 28, ಭಾನುವಾರ. ಸಂಜೆ ಏಳು ಗಂಟೆ ಕಳೆದ ಮೇಲೆ ಭಾರಿ ಬಿರುಗಾಳಿಯ ನಡುವೆ ಡಂಡಿ ಕಡೆಗೆ ಹೊರಟ ರೈಲು ಎತ್ತರದ ಅಂಕಣಗಳನ್ನು ಪ್ರವೇಶಿಸಿತು. ಆ 13 ಅಂಕಣಗಳೂ ರೈಲಿನ ಸಮೇತ ನದಿಗೆ ಕುಸಿದವು. ರೈಲಿನಲ್ಲಿದ್ದ ಒಬ್ಬರೂ ಬದುಕಲಿಲ್ಲ. ಸತ್ತವರು ಸುಮಾರು 75 ಎಂದು ಆಗ ಅಂದಾಜು ಮಾಡಿದ್ದರು. 2013ರಲ್ಲಿ ನದಿಯ ಎರಡೂ ದಡಗಳಲ್ಲಿ ಸ್ಥಾಪಿಸಿದ ಸ್ಮಾರಕಗಳಲ್ಲಿ ಖಚಿತವಾಗಿ ಗೊತ್ತಾದ 59 ಜನರ ಹೆಸರುಗಳಿವೆ.

'ಬೋಮಾಂಟ್ ಮೊಟ್ಟೆ'

ದುರಂತದ ತನಿಖೆಗೆ ಹೆನ್ರಿ ರಾಥರಿ, ಕರ್ನಲ್ ಯೊಲಂಡ್ ಮತ್ತು ಇಂಜಿನಿಯರ್ ವಿಲಿಯಂ ಬಾರ್ಲೊ ಅವರ ಮೂವರು ಸದಸ್ಯರ ನ್ಯಾಯಮಂಡಲಿ ನೇಮಕವಾಯಿತು. ಅದರ ಮುಂದೆ ಸಾಕ್ಷಿ ಹೇಳಿದವರಲ್ಲಿ ನದಿಯ ದಕ್ಷಿಣ ದಡದ ವರ್ಮಿಟ್ ಎಂಬಲ್ಲಿ, ಸೇತುವೆಗೆಂದೇ ತೆರೆದಿದ್ದ ಫೌಂಡ್ರಿಯ ಕೆಲಸಗಾರರೂ ಇದ್ದರು. ಅವರ ಮಾತುಗಳಿಂದ ಎರಕದ ಒಳಗುಟ್ಟು ಒಂದೊಂದಾಗಿ ಹೊರಬಂತು.

ಬಳಸಿದ ಕ್ಲೀವ್‌ಲೆಂಡ್ ಕಬ್ಬಿಣ ಕರಗಿದಾಗ ಸರಾಗವಾಗಿ ಹರಿಯುತ್ತಿರಲಿಲ್ಲ, ಕಿಟ್ಟವೂ ಹೆಚ್ಚು ಎಂದು ಅಚ್ಚು ಮಾಡುವವರು ದೂರಿದರು. ಅಚ್ಚುಗಳನ್ನು ಉಪ್ಪುನೀರಿನಿಂದ ತೇವ ಮಾಡಲಾಗುತ್ತಿತ್ತು. ಕೋರ್‌ಗಳನ್ನು ಬಿಗಿಯಾಗಿ ಕಟ್ಟದ್ದರಿಂದ ಅವು ಸರಿದು ಕಂಬಗಳ ಗೋಡೆಯ ದಪ್ಪ ಏರುಪೇರಾಗಿತ್ತು. ಕಿವಿಗಳು ಪೂರ್ತಿ ಮೂಡದೆ ಹೋದಾಗ ಕಡಿಮೆ ಬಿದ್ದ ಭಾಗಕ್ಕೆ ಮತ್ತೆ ಕರಗಿದ ಕಬ್ಬಿಣ ಸುರಿದು 'ಸುಟ್ಟು ಅಂಟಿಸು'ತ್ತಿದ್ದರು. ಹಾಗೆ ಅಂಟಿಸಿದ ಕಿವಿ ನೋಡಲು ಕಂಬದ ಭಾಗದಂತೆಯೇ ಇರುತ್ತದೆ. ಆದರೆ ಎಳೆತ ಬಿದ್ದಾಗ ಕಂಬದೊಂದಿಗೆ ಒಂದಾಗಿ ಹುಟ್ಟಿದ ಕಿವಿಯ ಬಲ ಅದಕ್ಕಿರುವುದಿಲ್ಲ.

ಇನ್ನು ಮೈಮೇಲಿನ ತೂತುಗಳು. ಅವುಗಳಿಗೆ ಫೌಂಡ್ರಿಯಲ್ಲಿ ಒಂದು ಮದ್ದು ಸಿದ್ಧವಿತ್ತು. ಅದರ ಹೆಸರು 'ಬೋಮಾಂಟ್ ಮೊಟ್ಟೆ'. ಜೇನುಮೇಣ, ಪಿಟೀಲು ವಾದಕರು ಕಮಾನಿಗೆ ಹಚ್ಚುವಂಥ ರಾಳ, ಕಬ್ಬಿಣದ ನುಣ್ಣನೆಯ ಹುಡಿ ಮತ್ತು ದೀಪದ ಮಸಿ, ಇಷ್ಟನ್ನು ಕಾಯಿಸಿ ಬೆರೆಸಿದರೆ ಕಪ್ಪು ಬಣ್ಣದ ಲೇಪ ಸಿದ್ಧ. ಬಿಸಿಯಿರುವಾಗ ತೂತಿಗೆ ತುಂಬಿ, ಗಟ್ಟಿಯಾದ ಮೇಲೆ ಕಲ್ಲಿನಿಂದ ಉಜ್ಜಿದರೆ ಕಬ್ಬಿಣ ಯಾವುದು, ಮೇಣ ಯಾವುದು ಎಂದು ಗುರುತು ಹತ್ತುವುದಿಲ್ಲ. ಸಣ್ಣಪುಟ್ಟವೆಂದು ಕಂಡ ದೋಷಗಳನ್ನು ಹೀಗೆ ಮುಚ್ಚಿ ಕಂಬಗಳನ್ನು ಬಳಸಲಾಯಿತು ಎಂಬುದು ವಿಚಾರಣೆಯಲ್ಲಿ ದಾಖಲಾಯಿತು. ಬಣ್ಣ ಬಳಿದ ಮೇಲಂತೂ ಯಾವ ಕಣ್ಣಿಗೂ ಕಾಣುವ ಮಾತಿಲ್ಲ.

ಮೇಣದ ಮಾತು ಬಂದಾಗ ಇಂಗ್ಲಿಷಿನ 'ಸಿನ್ಸಿಯರ್' ಎಂಬ ಪದದ ಬಗ್ಗೆ ಒಂದು ಕಥೆ ಕೇಳಿಬರುತ್ತದೆ. ಪ್ರಾಚೀನ ರೋಮಿನಲ್ಲಿ ಶಿಲ್ಪಿಗಳು ಪ್ರತಿಮೆಯ ಬಿರುಕುಗಳಿಗೆ ಮೇಣ ತುಂಬಿ ಮಾರುತ್ತಿದ್ದರಂತೆ. ಹಾಗೆ ಮಾಡದವರು ತಮ್ಮ ಸರಕು 'ಮೇಣವಿಲ್ಲದ್ದು' ಎನ್ನುತ್ತಿದ್ದರಂತೆ. ಲ್ಯಾಟಿನ್ನಿನ 'ಸೀನೆ ಸೇರಾ' ಎಂಬ ಆ ಮಾತೇ 'ಸಿನ್ಸಿಯರ್' ಆಯಿತು ಎಂಬುದು ಕಥೆ. ಭಾಷಾವಿಜ್ಞಾನಿಗಳು ಈ ನಿಷ್ಪತ್ತಿಯನ್ನು ಒಪ್ಪುವುದಿಲ್ಲ. ಆದರೂ ಕಥೆ ಸಾಯದೆ ಉಳಿದುಕೊಂಡಿದೆ. ಮೇಣದ ತೇಪೆಯ ಸಂಶಯ ಕೊಳ್ಳುವವರ ಮನಸ್ಸಿನಲ್ಲಿ ಎಷ್ಟು ಆಳವಾಗಿದೆ ಎಂಬುದನ್ನು ಇದು ತೋರಿಸುತ್ತದೆ.

ಸೇತುವೆ ಮಾಡಿದ ಸದ್ದು

ಸೇತುವೆ ಬಿದ್ದದ್ದು ಮೇಣದಿಂದಲೇ ಎಂದು ಹೇಳಿದರೆ ಅದು ಸತ್ಯಕ್ಕೆ ದೂರ. ಅಡ್ಡಪಟ್ಟಿಗಳೂ ಅವನ್ನು ಹಿಡಿದಿದ್ದ ಜೋಡಣೆಗಳೂ ಆ ಗಾಳಿಯ ಹೊಡೆತ ತಾಳಲು ಸಾಲದೆ ಹೋದದ್ದು ಪತನಕ್ಕೆ ಕಾರಣ ಎಂದು ನ್ಯಾಯಮಂಡಲಿ ಕಂಡುಕೊಂಡಿತು. ವಿನ್ಯಾಸದಲ್ಲಿ ಗಾಳಿಯ ಒತ್ತಡಕ್ಕೆಂದು ಪ್ರತ್ಯೇಕ ಲೆಕ್ಕವನ್ನೇ ಹಾಕಿರಲಿಲ್ಲ. ಕಿವಿಗಳಲ್ಲಿನ ಬೋಲ್ಟಿನ ತೂತುಗಳನ್ನು ಕೊರೆಯದೆ ಎರಕದಲ್ಲೇ ಬಿಟ್ಟಿದ್ದರಿಂದ ಅವು ಆಲಿಕೆಯಂತೆ ಒಂದು ಕಡೆ ಅಗಲ, ಒಂದು ಕಡೆ ಕಿರಿದಾಗಿದ್ದವು. ಬೋಲ್ಟು ತೂತಿನ ಇಡೀ ಗೋಡೆಗೆ ಒರಗುವ ಬದಲು ಅಂಚಿಗೆ ಮಾತ್ರ ತಾಗುತ್ತಿತ್ತು. ಲೋಹಪರೀಕ್ಷೆಗೆ ಹೆಸರಾದ ಡೇವಿಡ್ ಕರ್ಕಾಲ್ಡಿ ಅವರು ಅವಶೇಷಗಳನ್ನು ಎಳೆದು ಪರೀಕ್ಷಿಸಿದಾಗ, ಕಿವಿಗಳು ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಎಳೆತಕ್ಕೇ ಮುರಿದವು. ರೈಲುಗಳ ಓಡಾಟದಿಂದ ಕಿವಿಗಳು ದಿನದಿನವೂ ದಣಿದು ಬಿರುಕು ಬಿಟ್ಟಿರಬೇಕು ಎಂದು ಇತ್ತೀಚಿನ ದಶಕಗಳಲ್ಲಿ ಕೆಲವು ತಜ್ಞರು ವಾದಿಸಿದ್ದಾರೆ.

ಹಾಗಾದರೆ ಮೇಣದ ಲೇಪಕ್ಕೆ ಈ ಕಥೆಯಲ್ಲಿ ಏನು ಸ್ಥಾನ? ಅದು ಒಂದು ಅಭ್ಯಾಸದ ಗುರುತು. ದೋಷ ಕಂಡಾಗ ಅದನ್ನು ಮೇಲಿನವರಿಗೆ ತಿಳಿಸುವ ಬದಲು ಕಾಣದಂತೆ ಮಾಡುವ ಅಭ್ಯಾಸ. ಅದು ಫೌಂಡ್ರಿಯ ಬಾಗಿಲಲ್ಲಿ ನಿಲ್ಲಲಿಲ್ಲ.

ಸೇತುವೆಯ ಉಸ್ತುವಾರಿಗೆ ಹೆನ್ರಿ ನೋಬಲ್ ಎಂಬವರನ್ನು ನೇಮಿಸಲಾಗಿತ್ತು. ಅವರ ಅನುಭವ ಇಟ್ಟಿಗೆ ಕಟ್ಟಡದ್ದು, ಕಬ್ಬಿಣದ್ದಲ್ಲ. ನದಿಯ ಸೆಳೆತಕ್ಕೆ ಬುನಾದಿ ಕೊರೆದುಹೋಗುತ್ತಿದೆಯೇ ಎಂದು ನೋಡುವುದು ಅವರ ಮುಖ್ಯ ಕೆಲಸ. 1878ರ ಅಕ್ಟೋಬರ್‌ನಲ್ಲಿ ಅಡ್ಡಪಟ್ಟಿಗಳ ಜೋಡಣೆಗಳು ಕಟಕಟ ಸದ್ದು ಮಾಡುತ್ತಿರುವುದು ಅವರ ಕಿವಿಗೆ ಬಿತ್ತು. ನೋಡಿದಾಗ ನೂರಕ್ಕೂ ಹೆಚ್ಚು ಪಟ್ಟಿಗಳು ಸಡಿಲಗೊಂಡಿದ್ದವು. ಅವರು ಸಂದುಗಳಿಗೆ ಕಬ್ಬಿಣದ ತುಂಡುಗಳನ್ನು ತುರುಕಿದರು. ಸದ್ದು ನಿಂತಿತು. ಈ ವಿಷಯ ಬೌಚ್ ಅವರಿಗೆ ತಿಳಿಸಲಿಲ್ಲ. ರೈಲು ಹಾಯುವಾಗ ಸೇತುವೆ ಅಲುಗುತ್ತಿತ್ತು ಎಂದು 1879ರ ಬೇಸಿಗೆಯಲ್ಲಿ ಬಣ್ಣ ಬಳಿದವರೂ ಆಮೇಲೆ ಸಾಕ್ಷಿ ನುಡಿದರು.

ಮಡಕೆ ತಟ್ಟುವವರು ಕಾಯುವುದು ಇಂಥ ಒಡಕು ದನಿಗೇ. ಇಲ್ಲಿ ಯಾರೂ ತಟ್ಟದೆ ಸೇತುವೆ ತಾನಾಗಿಯೇ ದನಿ ಮಾಡಿತ್ತು. ನೋಬಲ್ ಕೆಟ್ಟವರೇನಲ್ಲ, ಕೇಳಿದ್ದಕ್ಕೆ ತಮಗೆ ತಿಳಿದ ಪರಿಹಾರ ಮಾಡಿದರು. ಆ ಸದ್ದಿನ ಅರ್ಥ ಓದಬಲ್ಲವರನ್ನು ಆ ಜಾಗದಲ್ಲಿ ಇಡದೆ ಹೋದದ್ದು ವ್ಯವಸ್ಥೆಯ ತಪ್ಪು. ಸರ್ಕಾರದ ಪರವಾಗಿ ಮೇಜರ್ ಜನರಲ್ ಹಚಿನ್ಸನ್ 1878ರ ಫೆಬ್ರುವರಿಯಲ್ಲಿ ಮೂರು ದಿನ ತಪಾಸಣೆ ನಡೆಸಿದ್ದರು. ಅವರು ಭಾರದ ಇಂಜಿನ್ನುಗಳನ್ನು ಓಡಿಸಿ ಸೇತುವೆಯ ಬಿಗಿತ ನೋಡಿದರು. ಆದರೆ ಆಗಲೇ ಬಣ್ಣ ಹಚ್ಚಿ ನಿಲ್ಲಿಸಿದ್ದ ಕಂಬದ ಎರಕ ಹೇಗಿದೆ ಎಂದು ತಿಳಿಯಲು ಆ ಹೊತ್ತಿಗೆ ದಾರಿಯಿರಲಿಲ್ಲ. ಅದನ್ನು ನೋಡಬೇಕಾಗಿದ್ದು ಫೌಂಡ್ರಿಯ ಅಂಗಳದಲ್ಲಿ, ಮರಳು ಉದುರಿದ ದಿನ.

1880ರಲ್ಲಿ ಬಂದ ವರದಿಗಳು ವಿನ್ಯಾಸ, ನಿರ್ಮಾಣ, ನಿರ್ವಹಣೆ ಮೂರರಲ್ಲೂ ಲೋಪ ಕಂಡವು. ಸಾಕಷ್ಟು ಮೇಲ್ವಿಚಾರಣೆ ನಡೆಸದ ಹೊಣೆಯೂ ಬೌಚ್ ಅವರ ಮೇಲೆ ಬಿತ್ತು. ಅದೇ ವರ್ಷ ಅಕ್ಟೋಬರ್ 30ರಂದು ಅವರು ತೀರಿಕೊಂಡರು.

ಮುಚ್ಚುವುದರಿಂದ ತೋರಿಸುವುದಕ್ಕೆ

ಮುಂದಿನ ದಶಕಗಳಲ್ಲಿ ಎರಕದ ಪರೀಕ್ಷೆ ತಿರುವಿಮುರುವಾಯಿತು ಎನ್ನಬಹುದು. ದೋಷವನ್ನು ಹುದುಗಿಸುವ ಲೇಪದ ಬದಲು ದೋಷವನ್ನು ಎತ್ತಿ ತೋರಿಸುವ ಲೇಪಗಳು ಬಂದವು. ರೈಲ್ವೆ ಕಾರ್ಖಾನೆಗಳಲ್ಲಿ ಬಳಕೆಗೆ ಬಂದ ಒಂದು ವಿಧಾನ ಬಹು ಸರಳ. ಬಿಡಿಭಾಗವನ್ನು ಎಣ್ಣೆಯಲ್ಲಿ ನೆನೆಸಿ, ಮೈಯನ್ನು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿಯುವುದು. ಬಿರುಕಿನೊಳಗೆ ಅಡಗಿದ ಎಣ್ಣೆ ಹೊರಗೆ ಒಸರಿ ಬಿಳಿಯ ಮೇಲೆ ಕಲೆ ಮೂಡಿಸುತ್ತದೆ. ಇಂದು ಕಾರ್ಖಾನೆಗಳಲ್ಲಿ ಕೆಂಪು ಬಣ್ಣ ಅಥವಾ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ದ್ರವ ಹಚ್ಚಿ ನಡೆಸುವ 'ಡೈ ಪೆನಿಟ್ರಂಟ್' ಪರೀಕ್ಷೆ ಇದರದೇ ಮುಂದುವರಿದ ರೂಪ.

ಕಬ್ಬಿಣವನ್ನು ಕಾಂತವಾಗಿಸಿ ಮೇಲೆ ಲೋಹದ ಹುಡಿ ಉದುರಿಸಿದರೆ ಬಿರುಕಿನ ಗೆರೆಯುದ್ದಕ್ಕೂ ಹುಡಿ ಸಾಲುಗಟ್ಟುತ್ತದೆ. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಎಕ್ಸ್-ರೇಯನ್ನು 1920ರ ದಶಕದಿಂದ ಎರಕದೊಳಗಿನ ಟೊಳ್ಳು ಹುಡುಕಲು ಬಳಸತೊಡಗಿದರು. ಕಿವಿಗೆ ಕೇಳದ ಶಬ್ದತರಂಗ ಹಾಯಿಸಿ ಪ್ರತಿಧ್ವನಿ ಕೇಳುವ ಪರೀಕ್ಷೆಯೂ ಇದೆ. ಮೈಯ ಒರಟುತನಕ್ಕೂ ಅಳತೆಗೋಲುಂಟು. ಬ್ರಿಟನ್ನಿನ ಉಕ್ಕಿನ ಎರಕ ಸಂಶೋಧನಾ ಸಂಸ್ಥೆ ರೂಪಿಸಿದ 'ಸ್ಕ್ರಾಟಾ' ಫಲಕಗಳು ಬಗೆಬಗೆಯ ಎರಕದ ಮೈಯ ಪಡಿಯಚ್ಚುಗಳು. ಪರೀಕ್ಷಕರು ಫಲಕವನ್ನು ಎರಕದ ಪಕ್ಕದಲ್ಲಿಟ್ಟು, ನೋಡಿ, ಹೋಲಿಸಿ ತೀರ್ಪು ಕೊಡುತ್ತಾರೆ.

ಗಮನಿಸಬೇಕಾದ ಅಂಶ ಇನ್ನೊಂದಿದೆ. ತೂತು ತುಂಬುವುದೇ ಅಪರಾಧವಲ್ಲ. ದೋಷವೇ ಇಲ್ಲದ ಎರಕ ಅಪರೂಪ. ಬೆಸುಗೆ ಹಾಕಿ ಸರಿಪಡಿಸುವುದು, ಸೂಕ್ಷ್ಮ ರಂಧ್ರಗಳಿಂದ ದ್ರವ ಸೋರದಂತೆ ರಾಳ ಹೀರಿಸುವುದು ಇಂದಿಗೂ ಒಪ್ಪಿತವಾದ ಕ್ರಮಗಳೇ. ಎಷ್ಟು ದೋಷ ಸಹ್ಯ, ಯಾವುದನ್ನು ಸರಿಪಡಿಸಬಹುದು, ಯಾವುದನ್ನು ಮತ್ತೆ ಕುಲುಮೆಗೆ ಹಾಕಬೇಕು ಎಂಬುದು ಮೊದಲೇ ಬರೆದು ಒಪ್ಪಿಕೊಂಡಿರಬೇಕು. ಕೊಳ್ಳುವವರಿಗೆ ಗೊತ್ತಿರಬೇಕು. ಬೋಮಾಂಟ್ ಮೊಟ್ಟೆ ಒಂದು ಪ್ರತಿಮೆಯ ಗುಳಿಗೆ ಬಿದ್ದಿದ್ದರೆ ಅದು ಅಂದಗೊಳಿಸುವ ಕೆಲಸವಾಗುತ್ತಿತ್ತು. ಭಾರ ಹೊರುವ ಕಂಬದಲ್ಲಿ, ಯಾರಿಗೂ ಹೇಳದೆ ತುಂಬಿದ್ದರಿಂದ ಅದು ವಂಚನೆಯಾಯಿತು.

ಉಜ್ಜುವವರ ಉಸಿರು

ಮೈ ಹದಗೊಳಿಸುವ ಕೆಲಸಕ್ಕೆ ಇನ್ನೊಂದು ಬೆಲೆಯೂ ಇದೆ. ಎರಕಕ್ಕೆ ಮೆತ್ತಿದ ಮರಳನ್ನು ಉಜ್ಜುವಾಗ ಏಳುವ ನುಣ್ಣನೆಯ ಸಿಲಿಕಾ ಧೂಳು ಶ್ವಾಸಕೋಶ ಸೇರಿದರೆ ಅಲ್ಲೇ ಉಳಿಯುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ರೋಗಕ್ಕೆ ಗುಣಪಡಿಸುವ ಔಷಧಿಯಿಲ್ಲ. ರಭಸದ ಗಾಳಿಯೊಂದಿಗೆ ಮರಳು ಚಿಮ್ಮಿಸಿ ಎರಕ ಸ್ವಚ್ಛಗೊಳಿಸುವುದನ್ನು ಬ್ರಿಟನ್ 1949ರ ನಿಯಮಾವಳಿಯ ಮೂಲಕ ನಿಷೇಧಿಸಿತು. ಆ ಜಾಗಕ್ಕೆ ಉಕ್ಕಿನ ಸಣ್ಣ ಗುಂಡುಗಳು ಬಂದವು. ಆದರೆ ಎರಕದ ಅಚ್ಚು ಇಂದಿಗೂ ಬಹುಪಾಲು ಮರಳಿನದೇ. ಬೆಳಗಾವಿಯಂಥ ಫೌಂಡ್ರಿ ಊರುಗಳಲ್ಲಿ ಸಾಣೆಚಕ್ರದ ಮುಂದೆ ನಿಲ್ಲುವವರಿಗೆ ಧೂಳು ಹೀರುವ ಯಂತ್ರವೂ ಸರಿಯಾದ ಮುಖಕವಚವೂ ಅನುಕೂಲದ ಮಾತಲ್ಲ, ಆಯುಷ್ಯದ ಮಾತು. ಎರಕದ ತೂತನ್ನು ಮೊದಲು ಕಾಣುವವರು ಇವರೇ. ಕಂಡದ್ದನ್ನು ಹೆದರದೆ ಹೇಳುವ ಅವಕಾಶ ಇವರಿಗಿದ್ದರೆ ಮಾತ್ರ ಮೇಲಿನ ಎಲ್ಲ ಯಂತ್ರಗಳಿಗೂ ಅರ್ಥ ಬರುತ್ತದೆ.

ಟೇ ನದಿಗೆ 1887ರಲ್ಲಿ ಹೊಸ ರೈಲು ಸೇತುವೆ ಬಂತು. ತನಿಖೆ ನಡೆಸಿದ ಬಾರ್ಲೊ ಅವರೇ ಅದರ ವಿನ್ಯಾಸ ಮಾಡಿದರು. ನೀರಿನಿಂದೆತ್ತಿದ ಹಳೆಯ ಇಂಜಿನ್ನನ್ನು ದುರಸ್ತಿ ಮಾಡಿ ಮತ್ತೆ ಓಡಿಸಿದರು. ಕೆಲಸಗಾರರು ಅದಕ್ಕೆ 'ಮುಳುಗುಗಾರ' ಎಂದು ಅಡ್ಡಹೆಸರಿಟ್ಟಿದ್ದರು. ಹೊಸ ಸೇತುವೆಯ ಪಕ್ಕದಲ್ಲೇ ಹಳೆಯ ಕಂಬಗಳ ಬುಡಗಳು ನದಿಯಲ್ಲಿ ಸಾಲಾಗಿ ನಿಂತಿವೆ. ಡಂಡಿಗೆ ಹೋಗುವ ರೈಲಿನ ಕಿಟಕಿಯಿಂದ ಅವು ಇಂದಿಗೂ ಕಾಣುತ್ತವೆ.